ಇಪ್ಪತ್ನಾಲ್ಕು ಕೋರೋ, ಅರವತ್ನಾಲ್ಕೋ: ಲಾಲಮ್ಮನವರು ನಡೆಸಿದ ಪರೀಕ್ಷೆ

ಆಸ್ಪತ್ರೆ ಎಂದೊಡನೆ ನಮಗೆ ವೈದ್ಯರು ನೆನಪಾಗುತ್ತಾರೆ, ದಾದಿಯರು ನೆನಪಾಗುತ್ತಾರೆ. ದಾಖಲೆ ಕಾಯುವವರು ನೆನಪಾಗುವುದು ದಾಖಲೆ ಸಿಗದೆ ಹೋದ ದಿನ ಮಾತ್ರ. ಶಹಾಬಾದಿನ ಶ್ರಮಜೀವಿ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಲಾಲಮ್ಮನವರು ಅಂಥ ದಿನಗಳು ಬಾರದಂತೆ ನೋಡಿಕೊಳ್ಳುವುದನ್ನೇ ತಮ್ಮ ಕಾಯಕವೆಂದು ತಿಳಿದವರು. ಗಣಿಗಳಲ್ಲಿ ಕಲ್ಲು ಒಡೆದು, ಕಲ್ಲು ಹೊತ್ತು, ಆ ಧೂಳನ್ನೇ ಉಸಿರಾಡಿದ ಸಾವಿರಾರು ಜನರ ಎದೆಯ ಎಕ್ಸ್‌ರೇ ಚಿತ್ರಗಳು ಇಂದು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ನಮ್ಮ ಐದೂ ಕೇಂದ್ರಗಳಲ್ಲಿ ಕೇಳಿದ ಕೂಡಲೇ ಪರದೆಯ ಮೇಲೆ ತೆರೆದುಕೊಳ್ಳುತ್ತವೆ ಎಂದರೆ ಅದು ಅವರ ದುಡಿಮೆಯ ಫಲ. ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ ನನಗೆ ಈ ಅಭಿನಂದನ ಸಂಪುಟಕ್ಕೆ ಬರೆಯುವ ಅವಕಾಶ ಒದಗಿದ್ದು ಸಂತೋಷದ ಸಂಗತಿ. ಅವರೊಡನೆ ಒಮ್ಮೆ ವಾದಕ್ಕೆ ನಿಂತವನೂ ನಾನೇ ಆದ್ದರಿಂದ ಸ್ವಲ್ಪ ಸಂಕೋಚದ ಸಂಗತಿಯೂ ಹೌದು.

ಗುಂಡಗುರ್ತಿಯ ಕೂಲಿ ಕುಟುಂಬವೊಂದರಲ್ಲಿ ಹುಟ್ಟಿದ ಲಾಲಮ್ಮನವರು ಹತ್ತನೆಯ ತರಗತಿ ಮುಗಿಸಿ 1987ರಲ್ಲಿ ನಮ್ಮ ಆಸ್ಪತ್ರೆಯ ಫಿಲ್ಮ್ ಕೋಣೆಗೆ ಸಹಾಯಕಿಯಾಗಿ ಸೇರಿದರು. ತೊಳೆದ ಎಕ್ಸ್‌ರೇ ಫಿಲ್ಮುಗಳನ್ನು ಒಣಗಿಸಿ, ಲಕೋಟೆಗೆ ಹಾಕಿ, ಹೆಸರು ಬರೆದು ಕಪಾಟಿನಲ್ಲಿಡುವುದು ಅವರ ಕೆಲಸ. ಒಂದೇ ಹೆಸರಿನವರು ಹತ್ತಾರು ಮಂದಿ ಬರುತ್ತಿದ್ದುದರಿಂದ ಲಕೋಟೆಯ ಮೇಲೆ ಊರು, ಮನೆತನ, ದುಡಿದ ಗಣಿ ಮೂರನ್ನೂ ಬರೆಯುವ ಪದ್ಧತಿಯನ್ನು ಅವರೇ ಆರಂಭಿಸಿದರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. 2001ರಲ್ಲಿ ಆಸ್ಪತ್ರೆಗೆ ಮೊದಲ ಕಂಪ್ಯೂಟರ್ ಬಂದಾಗ ಸಂಜೆಯ ತರಗತಿಗೆ ಹೋಗಿ ಕಲಿತರು. ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾಗಿ ಮೂರನೆಯ ಸಲ ತೇರ್ಗಡೆಯಾದರು, ಇದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಮುಂದೆ ನಾಲ್ಕು ವರ್ಷ ಪಟ್ಟು ಹಿಡಿದು ಕುಳಿತು ಅರವತ್ತೆಂಟು ಸಾವಿರ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿಸಿ ಸರ್ವರಿಗೆ ಸೇರಿಸಿದ ಮೇಲೆ, ಆ ಸರ್ವರನ್ನು ನೋಡಿಕೊಳ್ಳುವ ವಿಭಾಗಕ್ಕೆ ಅವರೇ ಮುಖ್ಯಸ್ಥೆಯಾದರು.

ನಾನು, ಆಸಿಮ, ಸೇಡಂನವನು. ಇಂಜಿನಿಯರಿಂಗ್ ಪದವಿ ಮುಗಿಸಿ 2016ರಲ್ಲಿ ಅವರ ವಿಭಾಗಕ್ಕೆ ಸೇರಿದೆ. ಸೇರಿದ ಎರಡನೆಯ ವಾರವೇ, ಜಾಗ ಉಳಿಸುವ ಉತ್ಸಾಹದಲ್ಲಿ ಚಿಂಚೋಳಿ ಕೇಂದ್ರದ ಒಂದಿಡೀ ವರ್ಷದ ಚಿತ್ರಗಳನ್ನು ಅಳಿಸಿಬಿಟ್ಟಿದ್ದೆ. ಆಸ್ಪತ್ರೆಯ ಕಾರ್ಯದರ್ಶಿಗಳಾದ ಶ್ರೀ ಮಡಿವಾಳಯ್ಯನವರು ಕೆಂಡಾಮಂಡಲವಾಗಿ ಬಂದಾಗ ಲಾಲಮ್ಮನವರು ನನಗಿಂತ ಮೊದಲು ಎದ್ದು ನಿಂತು, "ನಾ ಅವನಿಗೆ ಸರಿಯಾಗಿ ತಿಳಿಸಿ ಹೇಳಿದ್ದಿಲ್ರಿ ಸಾಹೇಬ್ರ" ಎಂದರು. ಅವರು ಸರಿಯಾಗಿಯೇ ಹೇಳಿದ್ದರು. ಆಮೇಲೆ ಎರಡು ದಿನ ನನ್ನ ಪಕ್ಕದಲ್ಲೇ ಕುಳಿತು ಬ್ಯಾಕಪ್ಪಿನಿಂದ ಒಂದೊಂದೇ ಚಿತ್ರವನ್ನು ಮರಳಿ ತರಿಸಿದರು. ಆ ವಿಷಯ ಮತ್ತೆ ಎಂದೂ ಎತ್ತಲಿಲ್ಲ. ಅಂದಿನಿಂದ ಅವರು ನನಗೆ, ನಮ್ಮ ಕಡೆ ಶಾಲೆಯ ಗುರುಮಾತೆಯನ್ನು ಕರೆಯುವಂತೆ, ಅಕ್ಕೋರು.

ಗಣಿ ಕೆಲಸಗಾರರ ಎದೆರೋಗಕ್ಕೆ ಪರಿಹಾರ ಮಂಜೂರು ಮಾಡುವ ವೈದ್ಯರ ಮಂಡಳಿಯೊಂದು ನಮ್ಮ ಕೇಂದ್ರಗಳಲ್ಲಿ ಆಗಾಗ ಕೂರುತ್ತದೆ. ರೋಗಿಯ ಹಳೆಯ ಎಕ್ಸ್‌ರೇ ಮತ್ತು ಹೊಸ ಎಕ್ಸ್‌ರೇ ಅಕ್ಕಪಕ್ಕ ಇಟ್ಟು ನೋಡಿದರೇನೇ ಅವರು ಸಹಿ ಹಾಕುವುದು. 2023ರ ಫೆಬ್ರುವರಿಯಲ್ಲಿ ಮಂಡಳಿಯವರು ಐದೂ ಊರುಗಳಲ್ಲಿ ಒಂದೇ ದಿನ ಕುಳಿತರು. ಐದೂ ಕಡೆಯಿಂದ ಒಮ್ಮೆಗೇ ಬೇಡಿಕೆ ಬಂದು ನಮ್ಮ ಹಳೆಯ ಸರ್ವರ್ ಮಧ್ಯಾಹ್ನದ ಹೊತ್ತಿಗೆ ನಿಂತೇ ಹೋಯಿತು. ನಲವತ್ತೊಂದು ಜನ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮರಳಿದರು. ಅವರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಕ್ಕೋರು ಒಂದೊಂದೇ ಹೆಸರು ಓದಿದರು. ಮರುದಿನ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಹೊರಟರು. ಆ ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಅನಸುಬಾಯಿ ಇದ್ದುದು ಅಲ್ಲಿ. ಹರೆಯದಲ್ಲಿ ಶಹಾಬಾದಿನ ಗಣಿಯಲ್ಲಿ ಹದಿನಾಲ್ಕು ವರ್ಷ ಕಲ್ಲು ಹೊತ್ತವರು. ಎರಡು ಮಾತಿಗೊಮ್ಮೆ ಕೆಮ್ಮು.

"ತಪ್ಪಾತ್ರಿ ಅವ್ವ, ನಮ್ಮ ಮಷೀನು ಕೆಟ್ಟಿತ್ತು" ಎಂದರು ಅಕ್ಕೋರು.

"ನನ್ನ ಫೋಟೋ ಅದ ಅಂತೀರಿ, ತೋರಿಸ್ಲಾಕ ಬರಲ್ಲ ಅಂತೀರಿ" ಎಂದರು ಅನಸುಬಾಯಿ, ಸಿಟ್ಟಿಲ್ಲದೆ. "ಇದ್ದು ಏನ ಮಾಡೋದ್ರಿ ಮತ್ತ? ಕುಂದ್ರಿ, ಚಾ ಕುಡ್ದು ಹೋಗ್ರಿ."

ಹೊಸ ಸರ್ವರ್ ಕೊಳ್ಳುವ ನಿರ್ಧಾರವಾದದ್ದು ಹೀಗೆ. ಆಯ್ಕೆಗೆ ಉಳಿದವು ಎರಡು ಪ್ರೊಸೆಸರುಗಳು. ಈ ಸಂಪುಟದ ಓದುಗರೆಲ್ಲ ಕಂಪ್ಯೂಟರ್ ಬಲ್ಲವರಲ್ಲವಾದ್ದರಿಂದ ಒಂದು ಮಾತು: ಪ್ರೊಸೆಸರು ಸರ್ವರಿನ ಮಿದುಳು; ಅದರೊಳಗೆ ಎಷ್ಟು ಕೋರುಗಳಿವೆಯೋ ಅಷ್ಟು ಕೆಲಸಗಳನ್ನು ಅದು ಏಕಕಾಲಕ್ಕೆ ಮಾಡಬಲ್ಲದು, ಆದರೆ ಒಂದೊಂದು ಕೋರು ಎಷ್ಟು ಚುರುಕು ಎಂಬುದು ಬೇರೆಯೇ ಪ್ರಶ್ನೆ. ಒಂದರಲ್ಲಿ ಇಪ್ಪತ್ನಾಲ್ಕು ಕೋರುಗಳು, ಒಂದೊಂದೂ ಅತಿ ಚುರುಕು. ಇನ್ನೊಂದರಲ್ಲಿ ಅರವತ್ನಾಲ್ಕು, ತುಸು ನಿಧಾನ. ನಾನು ಅರವತ್ನಾಲ್ಕರ ಪರ. ಎಲ್ಲೆಡೆ ಪ್ರಕಟವಾಗಿದ್ದ ಅಂಕಗಳನ್ನೆಲ್ಲ ಕಲೆಹಾಕಿ ಬಣ್ಣಬಣ್ಣದ ಕೋಷ್ಟಕ ಮಾಡಿಕೊಂಡಿದ್ದೆ. ಅಕ್ಕೋರು ಇಪ್ಪತ್ನಾಲ್ಕರ ಪರ. ಒಂದು ಚಿತ್ರ ಬೇಗ ತೆರೆಯುತ್ತದೆ, ಕಡಿಮೆ ಬಿಸಿಯಾಗುತ್ತದೆ, ನಾವು ಬಳಸುವ ತಂತ್ರಾಂಶಕ್ಕೆ ಕೋರುಗಳ ಲೆಕ್ಕದಲ್ಲೇ ಶುಲ್ಕವಿರುವುದರಿಂದ ಹೊರೆಯೂ ಕಡಿಮೆ ಎಂಬುದು ಅವರ ವಾದ.

ಆಡಳಿತ ಮಂಡಳಿಯ ಸಭೆಯಲ್ಲಿ ಮಡಿವಾಳಯ್ಯನವರು ನನ್ನ ಕೋಷ್ಟಕವನ್ನು ಪಕ್ಕಕ್ಕೆ ಸರಿಸಿ, "ಅಕ್ಕೋರ, ಇಷ್ಟು ವರ್ಷ ನೋಡಿದವರು ನೀವು. ನೀವು ಯಾವುದು ಅಂತೀರೋ ಅದೇ ತರಸಮಿ" ಎಂದರು. ನನ್ನ ಮುಖ ಬಾಡಿತು. ಅಕ್ಕೋರು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬ್ಯಾಡ್ರಿ" ಎಂದರು ಲಾಲಮ್ಮನವರು. "ಅವನೂ ಅಂದಾಜಿನ ಮ್ಯಾಲೆ ಮಾತಾಡಾಕತ್ತಾನ, ನಾನೂ ಅಂದಾಜಿನ ಮ್ಯಾಲೇ ಮಾತಾಡಾಕತ್ತೀನಿ. ಕಾಗದದಾಗಿನ ಅಂಕಿ ಬ್ಯಾರೆ ಯಾರದೋ ಕೆಲಸ ಮಾಡಿಸಿ ತೆಗ್ದದ್ದು. ಎರಡೂ ಮಷೀನ ತರಸ್ರಿ. ನಮ್ಮ ಕೆಲಸ, ನಮ್ಮ ಖೋಲ್ಯಾಗ ಮಾಡಿಸಿ ನೋಡಮಿ."

ಮಾರಾಟಗಾರರಿಗೆ ಪತ್ರ ಬರೆದು ಎರಡೂ ಸರ್ವರುಗಳನ್ನು ಮೂರು ವಾರಗಳ ಮಟ್ಟಿಗೆ ಪರೀಕ್ಷೆಗೆಂದು ತರಿಸಿಕೊಂಡರು. ಅದು ಮೇ ತಿಂಗಳು; ನಮ್ಮ ಕಡೆಯ ಮೇ ತಿಂಗಳು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮೊದಲ ಪರೀಕ್ಷೆಯಲ್ಲಿ ಒಬ್ಬ ರೋಗಿಯ ಒಂದು ಚಿತ್ರವನ್ನು ಇಪ್ಪತ್ನಾಲ್ಕು ಕೋರಿನದು ಮೂರು ಸೆಕೆಂಡಿಗೆ ತೆರೆಯಿತು, ಅರವತ್ನಾಲ್ಕರದು ಐದಕ್ಕೆ. ಅಕ್ಕೋರು ನನ್ನನ್ನು ನೋಡಿ ನಕ್ಕರು. ಎರಡನೆಯ ಪರೀಕ್ಷೆಗೆ ಐದೂ ಕೇಂದ್ರಗಳ ಸಿಬ್ಬಂದಿಯನ್ನು ಪರದೆಗಳ ಮುಂದೆ ಕೂರಿಸಿ, ವೈದ್ಯರ ಮಂಡಳಿ ಬಂದ ದಿನದಂತೆಯೇ ಎಲ್ಲರೂ ಒಮ್ಮೆಗೇ ಹಳೆಯದು ಹೊಸದು ಜೋಡಿಸಿ ಕೇಳುವಂತೆ ಮಾಡಿದರು. ಇಪ್ಪತ್ನಾಲ್ಕರದು ನಲವತ್ತು ಸೆಕೆಂಡು ತೆಗೆದುಕೊಂಡಿತು, ಅರವತ್ನಾಲ್ಕರದು ಏಳು. ವಾಡಿ ಕೇಂದ್ರದ ರಶೀದಾಬೇಗಂ ಫೋನಿನಲ್ಲೇ, "ಅಕ್ಕಾ, ಈಗ ಯಾವುದು ಹಚ್ಚೀರಿ? ಇದನ್ನೇ ಇಟ್ಕೊರ್ರಿ!" ಎಂದು ಕೂಗಿದರು. ನಗುವ ಸರದಿ ನನ್ನದು.

ಮೂರನೆಯ ಪರೀಕ್ಷೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಕ್ಕೋರು, "ಏಸಿ ಬಂದ್ ಮಾಡು" ಎಂದರು. ಕರೆಂಟು ಹೋಗಿ ಜನರೇಟರ್ ಮೇಲೆ ಸರ್ವರು ಮಾತ್ರ ನಡೆಯುವ ಹೊತ್ತು ನಮಗೆ ಅಪರೂಪವೇನಲ್ಲ. ಸರ್ವರ್ ಕೋಣೆಗೆ ಪಡುವಣದ ಬಿಸಿಲು, ಮೇಲೆ ತಗಡು. ಇಪ್ಪತ್ತು ನಿಮಿಷಕ್ಕೆಲ್ಲ ಅರವತ್ನಾಲ್ಕರ ಪ್ರೊಸೆಸರು ಬಿಸಿ ತಾಳಲಾರದೆ ತಾನಾಗಿಯೇ ವೇಗ ತಗ್ಗಿಸಿಕೊಂಡಿತು. ಏಳು ಸೆಕೆಂಡಿನ ಕೆಲಸ ಒಂದು ನಿಮಿಷ ದಾಟಿತು. ಇಪ್ಪತ್ನಾಲ್ಕರದು ಮಾತ್ರ ತನ್ನ ನಲವತ್ತರಲ್ಲೇ ಇತ್ತು. ನಾನು ಸೋತೆನೆಂದುಕೊಂಡು ಕೋಷ್ಟಕವನ್ನು ಮಡಚಿಟ್ಟೆ. ಅಕ್ಕೋರು ನಗಲಿಲ್ಲ. ಅವರ ಮುಖದಲ್ಲಿ ಗೆದ್ದವರ ಕಳೆಯೇ ಇರಲಿಲ್ಲ. ಪ್ರತಿ ಸಲವೂ ನಲವತ್ತು ಸೆಕೆಂಡು ಹಿಡಿದರೆ ಸರದಿ ಬೆಳೆದು, ಬಸ್ಸು ತಪ್ಪುತ್ತದೆಂದು ಮತ್ತೆ ಕೆಲವರು ತೋರಿಸಿಕೊಳ್ಳದೆಯೇ ಮರಳುವವರು ಎಂಬುದು ಅವರಿಗೆ ಹೊಳೆದಿತ್ತು.

ಮರುದಿನ ಮಧ್ಯಾಹ್ನ ಅವರು ಸೀಟಿನಲ್ಲಿರಲಿಲ್ಲ. ಹುಡುಕುತ್ತ ಹೋದರೆ ಫಿಲ್ಮ್ ಕೋಣೆಯಲ್ಲಿ ಉಷ್ಣಮಾಪಕ ಹಿಡಿದು ನಿಂತಿದ್ದರು. ಬಡಗಣ ದಿಕ್ಕಿನ ಆ ಕೋಣೆ ಆಸ್ಪತ್ರೆಯ ಅತಿ ಹಳೆಯ ಭಾಗ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಕಲ್ಲಿನದೇ ಛಾವಣಿ.

"ಆಸಿಮ, ಎಷ್ಟು ತೋರ್ಸಾಕತ್ತದ ನೋಡು."

"ಮೂವತ್ತೊಂದು. ಸರ್ವರ್ ಖೋಲ್ಯಾಗ ಏಸಿ ಇಲ್ದಾಗ ಮೂವತ್ತೊಂಬತ್ತು ಇತ್ರಿ."

"ನಿನ್ನ ಮಷೀನ ಇಲ್ಲಿ ತಂದು ಇನ್ನೊಮ್ಮೆ ನೋಡಮಿ."

"ಮತ್ತ ಈ ಫಿಲ್ಮ್ ಎಲ್ಲಾ ಎಲ್ಲಿಡೋದ್ರಿ ಅಕ್ಕೋರ?"

ಅವರು ಕಪಾಟಿನಿಂದ ಹೊರಚಾಚಿದ್ದ ಲಕೋಟೆಯೊಂದನ್ನು ಒಳಕ್ಕೆ ಸರಿಸಿದರು. ಇಪ್ಪತ್ತೆರಡರ ಹರೆಯದಲ್ಲಿ ಬಂದು ಸೇರಿದ ಕೋಣೆ ಅದು. ಫಿಲ್ಮುಗಳೆಲ್ಲ ಸ್ಕ್ಯಾನ್ ಆಗಿ ಎಷ್ಟೋ ವರ್ಷಗಳಾಗಿದ್ದರೂ, ಕೋಣೆ ತೆರವು ಮಾಡಿಕೊಡಿ ಎಂದು ಆಡಳಿತದವರು ಮೂರು ಸಲ ಕೇಳಿದ್ದರೂ ಅವರು ಒಪ್ಪಿರಲಿಲ್ಲ. "ವಾಡ್ಯಾಗ ಒಂದು ಖೋಲಿ ಖಾಲಿ ಅದ" ಎಂದರು ಕೊನೆಗೆ. "ಅಲ್ಲಿ ಹೋಗ್ಲಿ. ಇಲ್ಲಿ ಇಟ್ಟದ್ದು ನನ್ನ ಸಲುವಾಗಿ, ಅಷ್ಟ."

ಆರು ದಿನ ತಾವೇ ನಿಂತು ಕಪಾಟುಗಳನ್ನು ಇಳಿಸಿದರು. ಮೊದಲ ಕಪಾಟಿನ ಲಕೋಟೆಗಳನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಒಂದನ್ನು ತಿರುಗಿಸಿ ನೋಡಿ, "ಆಗಿನ ಅಕ್ಷರ ಭಾಳ ಚಂದ ಇದ್ವು ನನ್ನವು" ಎಂದು ನನ್ನ ಕಡೆ ನೋಡದೆಯೇ ಹೇಳಿ ಪೆಟ್ಟಿಗೆಗೆ ಹಾಕಿದರು. ನಾನು ಪೆಟ್ಟಿಗೆ ಎತ್ತಿಕೊಂಡು ಗಾಡಿಗೆ ಒಯ್ದೆ.

ಕಲ್ಲಿನ ಕೋಣೆಯಲ್ಲಿ ಏಸಿ ನಿಲ್ಲಿಸಿ ಒಂದು ತಾಸು ಕಾದೆವು. ಅರವತ್ನಾಲ್ಕರ ಪ್ರೊಸೆಸರು ಏಳು ಸೆಕೆಂಡಿನಿಂದ ಎಂಟಕ್ಕೆ ಸರಿಯಿತು, ಅಷ್ಟೇ. ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಬಾಳಿಕೆಯ ಪ್ರಶ್ನೆ ಉಳಿದಿತ್ತು. ಎರಡೂ ಯಂತ್ರಗಳ ಕೈಪಿಡಿಗಳನ್ನು ಅಕ್ಕೋರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ವಾರ ಓದಿದರು. ಇಪ್ಪತ್ನಾಲ್ಕರದು ತನ್ನ ಸಾಲಿನ ಕೊನೆಯ ಪ್ರೊಸೆಸರು, ಕೆಲವೇ ವರ್ಷಗಳಲ್ಲಿ ಬಿಡಿಭಾಗ ಸಿಗುವುದು ಕಷ್ಟ. ಅರವತ್ನಾಲ್ಕರ ಬೋರ್ಡಿನ ಮೇಲೆ ಮುಂದಿನ ಪೀಳಿಗೆಯ ಪ್ರೊಸೆಸರನ್ನೂ ಕೂರಿಸಬಹುದು ಎಂಬುದನ್ನು ಪತ್ತೆ ಮಾಡಿದವರು ಅದನ್ನು ವಿರೋಧಿಸಿದ್ದ ಅವರೇ ಹೊರತು ಅದರ ಪರವಾಗಿದ್ದ ನಾನಲ್ಲ. ತಂತ್ರಾಂಶದವರಿಗೆ ಮೇಲಿಂದ ಮೇಲೆ ಪತ್ರ ಬರೆದು, ಧರ್ಮಾರ್ಥ ಆಸ್ಪತ್ರೆಯೆಂದು ಕೋರಿನ ಬದಲು ಕೇಂದ್ರಗಳ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುವಂತೆ ಒಪ್ಪಿಸಿದವರೂ ಅವರೇ.

ಅರವತ್ನಾಲ್ಕನ್ನೇ ಕೊಳ್ಳಬೇಕೆಂದು ಆಡಳಿತ ಮಂಡಳಿಗೆ ಸಲ್ಲಿಸಿದ ವರದಿಯ ಕೊನೆಯಲ್ಲಿ ಅವರು ಬರೆದಿದ್ದರು: "ನಾನು ಮೊದಲಿಗೆ ಇಪ್ಪತ್ನಾಲ್ಕು ಕೋರಿನ ಪ್ರೊಸೆಸರಿನ ಪರವಾಗಿದ್ದೆ. ಒಂದು ಚಿತ್ರದ ವೇಗವನ್ನಷ್ಟೇ ಎಣಿಸಿ, ಐದು ಊರಿನ ಜನ ಒಟ್ಟಿಗೆ ಕಾಯುವುದನ್ನು ಎಣಿಸದೆ ಹೋದದ್ದು ನನ್ನ ತಪ್ಪು."

"ಅಕ್ಕೋರ, ಈ ಸಾಲು ಬೇಕೇನ್ರಿ?" ಎಂದು ಮಡಿವಾಳಯ್ಯನವರು ಕೇಳಿದರು.

"ಇರಲಿ ಸಾಹೇಬ್ರ. ಮುಂದ ಬರೋರಿಗೆ ನಾ ಎಲ್ಲಿ ತಪ್ಪಿದೆ ಅಂಬೋದು ಗೊತ್ತಿರಬೇಕು. ಇಲ್ಲಂದ್ರ ಅವರೂ ಅಲ್ಲೇ ತಪ್ತಾರ."

ಅದೇ ವರ್ಷದ ನವೆಂಬರಿನಲ್ಲಿ ವೈದ್ಯರ ಮಂಡಳಿ ಮತ್ತೆ ಐದೂ ಊರುಗಳಲ್ಲಿ ಕುಳಿತಿತು. ಮರಳಿ ಹೋಗಿದ್ದ ನಲವತ್ತೊಂದು ಮಂದಿಯಲ್ಲಿ ಮೂವತ್ತೆಂಟು ಮಂದಿ ಬಂದರು. ಒಬ್ಬರು ಊರು ಬಿಟ್ಟಿದ್ದರು. ಇಬ್ಬರು ಆ ಒಂಬತ್ತು ತಿಂಗಳಲ್ಲಿ ತೀರಿಕೊಂಡಿದ್ದರು, ಅವರ ಹೆಸರುಗಳನ್ನು ಅಕ್ಕೋರು ಪಟ್ಟಿಯಿಂದ ಹೊಡೆದುಹಾಕಲು ಬಿಡಲಿಲ್ಲ. ನನ್ನನ್ನು ಶಹಾಬಾದಿನ ಕಲ್ಲಿನ ಕೋಣೆಯಲ್ಲಿ ಕೂರಿಸಿ ತಾವು ಚಿಂಚೋಳಿಗೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಅವರ ಫೋನು ಬಂತು. ಮಾತು ನನ್ನೊಡನೆ ಇರಲಿಲ್ಲ. ಫೋನನ್ನು ಮೇಜಿನ ಮೇಲೆ ಹಾಗೆಯೇ ಇಟ್ಟಿದ್ದರು, ನಾನು ಕೇಳಲೆಂದು.

"ಇದು ನನ್ನ ಎದಿ ಏನ್ರಿ?" ಅನಸುಬಾಯಿಯವರ ದನಿ.

"ಹೌದವ್ವ. ಎಡಕ್ಕ ಇದ್ದದ್ದು ಇಪ್ಪತ್ತು ವರ್ಷದ ಹಿಂದಿಂದು. ಬಲಕ್ಕ ಇವತ್ತಿಂದು" ಎಂದರು ಅಕ್ಕೋರು.

"ಆಗ ಛಲೋ ಇತ್ತು ನೋಡ್ರಿ" ಎಂದು ಆಕೆ ಕೆಮ್ಮಿ, ನಕ್ಕರು. ವೈದ್ಯರು ಸಹಿ ಹಾಕಿದ್ದನ್ನು ಅಕ್ಕೋರು ನನಗೆ ಆಮೇಲೆ ಹೇಳಿದರು. ಆ ದಿನ ಐದೂ ಊರುಗಳಲ್ಲಿ ಸೇರಿ ನೂರಾ ಹನ್ನೆರಡು ಜನರ ಚಿತ್ರಗಳು ತೆರೆದವು. ಒಬ್ಬರೂ ನೋಡಿಸಿಕೊಳ್ಳದೆ ಹೋಗಲಿಲ್ಲ. ಅನಸುಬಾಯಿ ಈಗ ಪ್ರತಿ ತಿಂಗಳೂ ಔಷಧಿಗೆ ಬರುತ್ತಾರೆ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಾತು ಮುಗಿಯುವ ತನಕ ತಡೆಯುತ್ತದೆ.

ಕಳೆದ ವಾರ ಅವರ ಬೀಳ್ಕೊಡುಗೆಯ ಸಿದ್ಧತೆಯ ನಡುವೆ, ಮುಂದಿನ ಸರ್ವರ್ ಕೊಳ್ಳುವ ಕಾಲ ಬಂದಾಗ ನಾವು ಯಾರನ್ನು ಕೇಳಬೇಕು ಎಂದು ನಾನು ಕೇಳಿದೆ. ಅದು 2030ರ ಮಾತು. ಸಲಹೆಗಾರರ ಕುರ್ಚಿಯೊಂದನ್ನು ಅವರಿಗಾಗಿ ಇಡುವುದಾಗಿ ಆಡಳಿತದವರು ಹೇಳಿದ್ದರು.

"ಕುರ್ಚಿ ಬ್ಯಾಡ" ಎಂದರು. "ನೀ ಯಾವ ಪ್ರೊಸೆಸರ್ ಹಿಡಿತೀಯೋ ಹೇಳಿ ಕಳ್ಸು. ನಾ ಅದರ ಎದುರಿಂದು ಹಿಡ್ಕೊಂಡು ಬರ್ತೀನಿ. ಇಬ್ರೂ ಒಂದೇ ಕಡಿ ಕುಂತ್ರ ಪರೀಕ್ಷಾ ಖರೆ ಆಗಲ್ಲ."

ಪೂಜ್ಯ ಅಕ್ಕೋರೆ, 2030ರ ಮೇ ತಿಂಗಳಿಗೆ ಎರಡು ಯಂತ್ರಗಳನ್ನು ತರಿಸಿರುತ್ತೇನೆ. ಅಲ್ಲಿಯವರೆಗೂ, ಅದರಾಚೆಗೂ ತಮಗೆ ಆರೋಗ್ಯ, ಆಯುಷ್ಯ, ಚುರುಕು ಕಣ್ಣು ಕೂಡಿಬರಲಿ. ನನ್ನ ಎದುರು ಕುಳಿತು ವಾದಿಸಲು ತಾವು ಬನ್ನಿ. ಈ ಸಲ ತಾವೇ ಗೆಲ್ಲಿ.