ಪ್ರಸ್ಥಾನದ ಬ್ಯಾಗು

ಚಾಮರಾಜನಗರದಿಂದ ಗುಂಡ್ಲುಪೇಟೆ ಏನು ಮಹಾ ದೂರ? ಬಸ್ಸಿನಲ್ಲಿ ಒಂದು ಒಳ್ಳೆ ನಿದ್ದೆ ತೆಗೆಯುವಷ್ಟೂ ಇಲ್ಲ. ಆದರೆ ನಾಲ್ಕು ವರ್ಷದ ಮಗ, ಹಲ್ಲು ಬರುತ್ತಿರುವ ಮಗಳು ಇಬ್ಬರನ್ನೂ ಕಟ್ಟಿಕೊಂಡು ಹೊರಡುವವಳಿಗೆ ಅದೇ ಕಾಶಿಯಾತ್ರೆ. ತಂಗಿಯ ಮದುವೆಗೆಂದು ತವರಿಗೆ ಹೊರಟ ಆ ದಿನವನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಲ್ಲರೂ ಮಾರನೆಯ ದಿನ ಸಂಜೆ ಹೋಗುವುದೆಂದು ಮಾತಾಗಿತ್ತು. ನಾನು ಮಾತ್ರ ಒಂದು ದಿನ ಮುಂಚೆಯೇ ಹೋಗುತ್ತೇನೆಂದು ಹಟ ಹಿಡಿದೆ. ತಂಗಿಯ ಕೈಗೆ ಮೆಹಂದಿ ಹಾಕಬೇಕಿತ್ತು. ಅವಳು ಲಂಗ ತೊಡುವ ವಯಸ್ಸಿನಿಂದ ಹಬ್ಬಕ್ಕೆ, ಸ್ಕೂಲ್ ಡೇಗೆ ಅವಳ ಕೈಗೆ ಹಾಕಿದವಳು ನಾನೇ. ಮದುವೆಗೂ ನೀನೇ ಹಾಕಬೇಕು ಎಂದು ಫೋನ್ ಮಾಡಿದಾಗಲೆಲ್ಲ ನೆನಪಿಸುತ್ತಿದ್ದಳು. ಆ ಮನೆಯಲ್ಲಿ ನಾವಿಬ್ಬರೇ ಎದುರುಬದುರು ಕೂತು ಹರಟುವುದು ಅದೇ ಕೊನೆ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಯದು ಬೇಡವೆಂದು ನಾನೇ ಪುಡಿ ಕಲಸಿ, ಕೋನ್ ಕಟ್ಟಿ ಇಟ್ಟಿದ್ದೆ.

ಬೆಳಿಗ್ಗೆಯಿಂದ ಬ್ಯಾಗ್ ತುಂಬಿದ್ದು ನಾನು, ಬಿಚ್ಚಿದ್ದು ಮಗ. ಮಡಿಸಿಟ್ಟ ಬಟ್ಟೆಯನ್ನೆಲ್ಲ ಕಿತ್ತುಹಾಕಿ ಅಲ್ಲಿ ತನ್ನ ಪ್ಲಾಸ್ಟಿಕ್ ಜೆಸಿಬಿ ತುರುಕಿದ. ಒಗೆದಿಟ್ಟ ಸ್ವೆಟರಿನ ಮೇಲೆ ಮಗಳು ರಾಗಿ ಸರಿ ಕಕ್ಕಿದಳು. ನಮ್ಮ ಮನೆಯವರು ಫೋನಿನಿಂದ ತಲೆಯೆತ್ತದೆ, ಇಷ್ಟೊಂದು ಯಾಕೆ ಹೊರುತ್ತೀಯ, ಅಲ್ಲಿ ಏನೂ ಸಿಗುವುದಿಲ್ಲವಾ ಎಂದರು. ಗುಂಡ್ಲುಪೇಟೆಯಲ್ಲಿ ಲಾರಿಗಟ್ಟಲೆ ಈರುಳ್ಳಿ ಸಿಗುತ್ತದೆ, ನಿಮ್ಮ ಮಗಳು ಬಾಯಿಗಿಡುವ ಈ ಒಂದು ಬಾಟಲಿ ಯಾರ ಅಂಗಡಿಯಲ್ಲಿದೆ ಹೇಳಿ ಎಂದೆ.

ಒಂಬತ್ತಕ್ಕೆ ರಾಹುಕಾಲ. ಅಷ್ಟರೊಳಗೆ ನಾನು ಹೊಸ್ತಿಲು ದಾಟುವ ಲಕ್ಷಣ ಕಾಣಲಿಲ್ಲವೆಂದು ನಮ್ಮತ್ತೆ ತಮಗೆ ತಿಳಿದ ಉಪಾಯ ಮಾಡಿದರು. ಒಳ್ಳೆ ಗಳಿಗೆ ಇರುವಾಗಲೇ ಒಂದು ಸಾಮಾನನ್ನು ಪಕ್ಕದ ಮನೆಯಲ್ಲಿ ಇಟ್ಟುಬಂದರೆ ಪ್ರಸ್ಥಾನವಾದಂತೆ. ಆಮೇಲೆ ನಾವು ಯಾವಾಗ ಹೊರಟರೂ ದೋಷವಿಲ್ಲ. ಇಡಲಿ, ನನ್ನದೇನೂ ತಕರಾರಿಲ್ಲ. ಆದರೆ ಅಷ್ಟು ಬ್ಯಾಗುಗಳಲ್ಲಿ ಅವರ ಕೈಗೆ ಸಿಕ್ಕಿದ್ದು, ದಾರಿಗೆ ಬೇಕೆಂದು ನಾನು ಬೇರೆಯಾಗಿ ಇಟ್ಟುಕೊಂಡಿದ್ದ ಕೈಬ್ಯಾಗು. ಹಾಲಿನ ಬಾಟಲಿ, ಡೈಪರ್, ಜ್ವರದ ಔಷಧಿ, ನನ್ನ ಮೆಹಂದಿ ಕೋನುಗಳು, ಎಲ್ಲ ಅದರಲ್ಲೇ. ಇದು ನನಗೆ ಗೊತ್ತಾಗುವ ಹೊತ್ತಿಗೆ ಪಕ್ಕದ ಮನೆಗೆ ಬೀಗ. ಆ ಮನೆಯಾಕೆ ಬದನಗುಪ್ಪೆಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು. ಬ್ಯಾಗನ್ನು ಜೋಪಾನವಾಗಿ ಒಳಗಿಟ್ಟು ಬೀಗ ಜಡಿದುಕೊಂಡು ಹೋಗಿದ್ದರು. ಕೆಲಸದ ಹೊತ್ತಿನಲ್ಲಿ ಅವರ ಕೈಯಲ್ಲಿ ಫೋನ್ ಇರುವುದಿಲ್ಲ. ರಿಂಗಾಗಿ ರಿಂಗಾಗಿ ನಿಂತುಹೋಯಿತು.

ಶಾಸ್ತ್ರದ ಪ್ರಕಾರ ನಾನು ಆಗಲೇ ಹೊರಟುಹೋಗಿದ್ದೆ. ಹೊರಟುಹೋದವಳು ಅಡುಗೆಮನೆಯಲ್ಲಿ ನಿಂತು ಇನ್ನೊಂದು ಸಲ ರಾಗಿ ಸರಿ ಕಾಯಿಸುತ್ತಿದ್ದೆ.

ನಮ್ಮ ಮನೆಯವರು ಸುಲಭದ ದಾರಿ ಹೇಳಿದರು. ನಾಳೆ ಎಲ್ಲ ಒಟ್ಟಿಗೆ ಹೋಗೋಣ, ಮೆಹಂದಿ ಯಾರಾದರೂ ಹಾಕುತ್ತಾರೆ ಬಿಡು ಎಂದರು. ಯಾರಾದರೂ ಅಂತೆ. ನಾನು ಏನಾದರೂ ಅಂದುಬಿಡುವ ಮೊದಲೇ ಅತ್ತೆ ತಮ್ಮ ಮಗನ ಮೇಲೆ ತಿರುಗಿಬಿದ್ದರು.

“ಪ್ರಸ್ಥಾನ ಇಟ್‌ಮ್ಯಾಲೆ ಓಗ್ದೆ ಇರಬಾರ್ದು ಕಣ್ಲಾ. ಅವ್ಳು ಇವತ್ತೇ ಓಗ್ಲಿ, ಬುಡು.”

ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಹಾಗೇ ಇಟ್ಟುಕೊಂಡೆ.

ಪಕ್ಕದ ಮನೆಯಾಕೆ ಪಾಳಿ ಮುಗಿಸಿ ಬಂದಾಗ ಬಿಸಿಲು ಇಳಿದಿತ್ತು. ಹೊರಗಿಟ್ಟ ಬ್ಯಾಗು ಮತ್ತೆ ನಮ್ಮ ಮನೆಯೊಳಗೆ ಬರಕೂಡದು. ಅವರ ಜಗುಲಿಯಿಂದಲೇ ಅದನ್ನು ಆಟೋಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ತೆರಕಣಾಂಬಿ ಬರುವಷ್ಟರಲ್ಲಿ ಮಗ ಸೂಸು ಎಂದ. ಕಂಡಕ್ಟರು ಗೊಣಗಿಕೊಂಡೇ ಸೀಟಿ ಊದಿ ಬಸ್ ನಿಲ್ಲಿಸಿದ. ಕೆಳಗಿಳಿದ ಮೇಲೆ ಮಗ, ಈಗ ಬರುತ್ತಿಲ್ಲ ಎಂದ.

ದೀಪ ಹಚ್ಚುವ ಹೊತ್ತಿಗೆ ತವರು ತಲುಪಿದೆ. ತಂಗಿ ಕೈ ತೊಳೆದುಕೊಂಡು ಕಾದು ಕೂತಿದ್ದಳು. ಮಗಳು ಮಾತ್ರ ನನ್ನ ಹೆಗಲು ಬಿಟ್ಟು ಯಾರ ಹತ್ತಿರವೂ ಹೋಗಲೊಲ್ಲಳು. ಮೊದಲು ಪಾಪುವನ್ನು ಮಲಗಿಸು, ನಾನೆಲ್ಲಿಗೂ ಓಡಿಹೋಗುವುದಿಲ್ಲ ಎಂದು ತಂಗಿ ನಕ್ಕಳು. ಮಗಳನ್ನು ತಟ್ಟುತ್ತ ಪಕ್ಕದಲ್ಲಿ ಒರಗಿದೆ. ಒರಗಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಹಜಾರದಲ್ಲಿ ರಾತ್ರಿಯೂಟಕ್ಕೆ ಎಲೆ ಹಾಕುವ ಸದ್ದು. ತಂಗಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಮುಂದೆ ಚಾಚಿಕೊಂಡು. ಬೆರಳ ತುದಿಯಿಂದ ಮೊಣಕೈವರೆಗೆ ಬಳ್ಳಿ, ನವಿಲು. ಬ್ಯೂಟಿಪಾರ್ಲರಿನ ಹುಡುಗಿಯನ್ನು ಕರೆಸಿದ್ದರಂತೆ. ನನ್ನ ಬ್ಯಾಗಿನಿಂದ ನನ್ನ ಕೋನುಗಳನ್ನೇ ತೆಗೆದುಕೊಟ್ಟಿದ್ದರಂತೆ.

“ಅವ್ವ ಎಬ್ಬುಸ್ತೀನಿ ಅಂತು, ನಾನೇ ಬ್ಯಾಡ ಅಂದೆ ಕಣಕ್ಕ,” ಎಂದಳು ತಂಗಿ. “ನೀ ಅಂಗೆ ಮಲಗಿದ್ದು ನೋಡಿ ಪಾಪ ಅನ್ನಿಸ್ತು.”

ಚೆನ್ನಾಗಿತ್ತು ಮೆಹಂದಿ. ನಾನು ಹಾಕಿದ್ದರೆ ನವಿಲು ಕೋಳಿಯಂತೆ ಕಾಣುತ್ತಿತ್ತು. ತಂಗಿ ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದಳು, ಹಾಗಾಗಿ ಬೈಯುವಂತೆಯೂ ಇರಲಿಲ್ಲ. ನಿದ್ದೆ ಬೇಕಿದ್ದರೆ ಇಷ್ಟೆಲ್ಲ ಒದ್ದಾಡಿಕೊಂಡು ಬರುತ್ತಿದ್ದೆನಾ ಎಂದು ಕೇಳಬೇಕೆನ್ನಿಸಿತು. ತಬ್ಬಿಕೊಳ್ಳೋಣವೆಂದರೆ ಅವಳ ಕೈ ಇನ್ನೂ ಹಸಿ. ಅಳು ಉಕ್ಕಿ ಬಂತು. ಅಷ್ಟರಲ್ಲಿ ಮಗಳು ಎದ್ದು, ನನಗಿಂತ ಮೊದಲು ಅವಳೇ ಅತ್ತಳು.