ಎರಡೂಮುಕ್ಕಾಲು ಓಮ್

ಮಕ್ಬೂಲ್ ಸಾಹೇಬರ ಕೈ ಸುಟ್ಟದ್ದು ನನ್ನ ಲೆಕ್ಕದಿಂದ. ಅವರ ಕೆಲಸ ಹೋದದ್ದು ನನ್ನ ಸುಳ್ಳಿನಿಂದ. ಮೊದಲನೆಯದನ್ನು ತಪ್ಪು ಎಂದುಕೊಳ್ಳಬಹುದೇನೋ — ಎರಡನೆಯದು ಪಾಪವೇ.

ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ವಾಡಿ ಸ್ಟೇಷನ್ನಿನ ಪಕ್ಕದ ಬಯಲಿನಲ್ಲಿ ಒಂದು ಟೂರಿಂಗ್ ಟಾಕೀಸ್ ಡೇರೆ ಹಾಕಿತ್ತು. ಸಾಹೇಬರು ಅಲ್ಲಿ ಸಿನಿಮಾ ಯಂತ್ರ ನಡೆಸುವವರು. ಓದು ಬರಹ ಬಾರದು, ಆದರೆ ಸದ್ದು ಕೇಳಿಯೇ ಯಂತ್ರದ ರೋಗ ಹೇಳುತ್ತಿದ್ದರು. ನಾನು ಶಹಾಬಾದಿನಲ್ಲಿ ಆಗತಾನೇ ವೈರ್‌ಮನ್ ಪರೀಕ್ಷೆ ಪಾಸಾದವನು. ಸೊಕ್ಕು — ಹೌದು, ಮೈತುಂಬ ಸೊಕ್ಕು.

ಯಂತ್ರದ ದೀಪಕ್ಕೆ ಐವತ್ತೈದು ವೋಲ್ಟ್ ಸಾಕು. ಡೇರೆಯ ಜನರೇಟರ್ ಕೊಡುತ್ತಿದ್ದುದು ನೂರಾಹತ್ತು. ಹೆಚ್ಚಾದದ್ದನ್ನು ನುಂಗಲು ನಡುವೆ ಒಂದು ತಂತಿಯ ಸುರುಳಿ ಬೇಕು. ಹಳೆಯದು ಕೆಟ್ಟಿತ್ತು, ನನ್ನನ್ನು ಕರೆಸಿದರು. ಕಾಗದದ ಚೂರಿನ ಮೇಲೆ ಲೆಕ್ಕ ಹಾಕಿದೆ: ಹೆಚ್ಚಿನ ಐವತ್ತೈದು ವೋಲ್ಟನ್ನು ದೀಪ ಎಳೆಯುವ ಇಪ್ಪತ್ತು ಆಂಪಿಯರಿನಿಂದ ಭಾಗಿಸಿದರೆ ಎರಡೂಮುಕ್ಕಾಲು ಓಮ್. ಸಣ್ಣ ತಂತಿಯಾದರೆ ಗಿಡ್ಡ ತುಂಡೇ ಸಾಕು ಎಂದು ಅದನ್ನು ತರಲು ಹೇಳಿದೆ. ಸಾಹೇಬರು ತಂದು ಸುತ್ತಿದರು. ಮರದ ಹಲಗೆ ಬೇಡವೆಂದು ಶಹಾಬಾದಿ ಫರಶಿಕಲ್ಲಿನ ಮೇಲೆ ಕೂರಿಸಿದೆವು. ನಮ್ಮ ಕಡೆ ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಎಲ್ಲಕ್ಕೂ ಅದೇ ಕಲ್ಲು. ಅದು ಕೈಕೊಟ್ಟೀತೆಂದು ಯಾರಿಗೆ ಹೊಳೆಯಬೇಕು?

ಸಾಹೇಬರಿಗೆ ಹೊಳೆದಿತ್ತು. "ಕಾವು ಎಷ್ಟಾಗ್ತದ, ಅದೂ ಲೆಕ್ಕಾ ಹಾಕ್ರಿ," ಎಂದರು.

"ಶಾಬಾದ್ ಕಲ್ಲಿಗೆ ಏನಾಗ್ತದ್ರಿ, ಸುಮ್ನ ಹಚ್ರಿ," ಎಂದೆ.

ಅದೇ ಐವತ್ತೈದನ್ನು ಇಪ್ಪತ್ತರಿಂದ ಗುಣಿಸಿದ್ದರೆ — ಅಷ್ಟೇ — ಸಾವಿರದ ನೂರು ವ್ಯಾಟ್ ಎಂದು ತಿಳಿಯುತ್ತಿತ್ತು. ಅನ್ನ ಬೇಯಿಸುವ ಒಲೆಯಷ್ಟು ಕಾವು, ಆ ಗಿಡ್ಡ ತಂತಿಯಲ್ಲಿ. ದಪ್ಪ ತಂತಿಯಾಗಿದ್ದರೆ ಉದ್ದ ಬೇಕಾಗುತ್ತಿತ್ತು, ಕಾವು ಹಂಚಿಹೋಗುತ್ತಿತ್ತು. ನಾನು ಗುಣಿಸಲಿಲ್ಲ.

ಮಧ್ಯಾಹ್ನ ಯಂತ್ರ ನಡೆಸಿ ನೋಡುವಾಗ ಕಾದ ಫರಶಿ ಪದರು ಪದರಾಗಿ ಸಿಡಿಯಿತು. ಕೆಂಪಗೆ ಕಾದ ತಂತಿ ಜಾರಿ ಫಿಲ್ಮ್ ಡಬ್ಬಿಯ ಮೇಲೆ ಬಿತ್ತು. ಆ ಕಾಲದ ಫಿಲ್ಮು ಮದ್ದಿನಂತೆ ಉರಿಯುವಂಥದ್ದು; ಬೆಂಕಿ ಹತ್ತಿದ್ದರೆ ಡೇರೆಯೇ ಉಳಿಯುತ್ತಿರಲಿಲ್ಲ. ಸಾಹೇಬರು ಸ್ವಿಚ್ ಆರಿಸಿ, ಬರಿಗೈಯಿಂದ ತಂತಿಯನ್ನು ಕಿತ್ತು ಹೊರಗೆಸೆದರು.

ಟಾಕೀಸಿನ ಮಾಲೀಕ ಓಡಿಬಂದು ಇದು ಯಾರ ಕೆಲಸ ಎಂದ. ನಾನು ಕಾಗದ ತೋರಿಸಿದೆ. ಅದರಲ್ಲಿದ್ದ ಲೆಕ್ಕ ಸರಿಯಾಗಿಯೇ ಇತ್ತಲ್ಲ...

"ನಾ ದಪ್ಪ ತಂತಿ ಹೇಳಿದ್ದೆರಿ. ಸಾಬ್ರು ಸಣ್ಣದು ತಂದಾರ."

ಆ ದಿನಗಳಲ್ಲಿ ಮುಸಲ್ಮಾನರಾದ ಅವರ ಮಾತಿಗಿಂತ ನನ್ನ ಮಾತನ್ನು ಬೇಗ ನಂಬುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ನಾನು ಸಣ್ಣದನ್ನೇ ಕೇಳಿದ್ದೆನೆಂದು ಸಾಹೇಬರು ಒಂದೇ ಸಲ ಅಂದರು. ಮಾಲೀಕ ಕಿವಿಗೆ ಹಾಕಿಕೊಳ್ಳದೆ ಅವರನ್ನು ಕೆಲಸದಿಂದ ತೆಗೆದ. ಅವತ್ತೇ ಸಾಹೇಬರು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ತಮ್ಮೂರು ಚಿತ್ತಾಪುರಕ್ಕೆ ಹೊರಟುಹೋದರು.

ಐದಾರು ವರ್ಷದ ಮೇಲೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರು. ಬಲಗೈ ಬೆರಳುಗಳು ಮಡಚಿಕೊಂಡೇ ಉಳಿದಿದ್ದವು. ಬೈಯುತ್ತಾರೆಂದು ತಲೆ ತಗ್ಗಿಸಿದರೆ, ಕೂರಿಸಿ ಚಹಾ ಕುಡಿಸಿದರು. ಮತ್ತೆಂದೂ ಯಂತ್ರ ಮುಟ್ಟಲಿಲ್ಲವಂತೆ. ಆಮೇಲೆ ಮೆಲ್ಲಗೆ ಕೇಳಿದರು:

"ಖರೇ ಹೇಳ್ರಿ, ನೀವು ದಪ್ಪಂದೇ ಹೇಳಿದ್ರೇನು? ಭಾಳ ನೆನಸ್ತೀನಿ. ನನ್ನ ಮ್ಯಾಲೇ ನನಗ ಭರೋಸಾ ಹೋಗ್ಯದ."

ಆಗಲಾದರೂ — ಇಲ್ಲ. ಹಳೆಯ ಮಾತು ಬಿಡಿ ಎಂದು ರೈಲು ಹತ್ತಿದೆ.

ಸಾಹೇಬರು ತೀರಿಕೊಂಡು ಬಹಳ ವರ್ಷವಾಯಿತು; ತಪ್ಪು ತಮ್ಮದೇ ಎಂದುಕೊಂಡೇ ಹೋದರು. ಅವರ ಮಗಳು ಚಿತ್ತಾಪುರದಲ್ಲಿದ್ದಾಳೆ. ನಾಳೆ ಹೋಗುತ್ತೇನೆ. ನಾನು ಹೇಳಿದ ತಂತಿಯನ್ನೇ ನಿಮ್ಮಪ್ಪ ತಂದಿದ್ದರು ಎನ್ನಬೇಕು. ಅವಳು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ.