ಬಾಗಿಲ ಹೊರಗಿನವರ ಲೆಕ್ಕ

ಬನಹಟ್ಟಿಯ ನೇಕಾರರ ಸಂಘದಲ್ಲಿ ಮೊದಲು ನೂಲಿನ ಗಂಟು ಒಟ್ಟುತ್ತಿದ್ದ ಒಂದು ಕೋಣೆ ಇದೆ. ಈಗ ಅಲ್ಲಿ ಒಂದು ಸರ್ವರ್ ಕುಳಿತಿದೆ. ಅದಕ್ಕೆ ತಂಪು ಬೇಕೆಂದು ಗೋಡೆಗೆ ಎಸಿ ಹಾಕಿಸಿದರು. ಬೇಸಿಗೆ ಮಧ್ಯಾಹ್ನ ಕಮಿಟಿಯವರು ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಯಂತ್ರದ ಪಾಲಿನ ತಂಪನ್ನೂ ತಾವೇ ಕುಡಿಯುತ್ತಾರೆ. ಆ ಯಂತ್ರ ನೋಡಿಕೊಳ್ಳುವವಳು ಉಜ್ವಲಾ. ಅವಳನ್ನು ಊರಲ್ಲಿ ‘ಕಂಪ್ಯೂಟರ್‌ನಾಕಿ’ ಎನ್ನುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ಕುಹಕ ಎಷ್ಟು ಎಂದು ಅವಳು ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಅವಳನ್ನು ಸಾಕಿದವಳು ಸೋದರತ್ತೆ ಮಾಯವ್ವ. ತಾಯಿ ಬೇಗ ತೀರಿದಳು. ಪಾವರ್‌ಲೂಮ್ ಕೆಲಸಕ್ಕೆಂದು ಇಚಲಕರಂಜಿಗೆ ಹೋದ ಅಪ್ಪ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಾಯವ್ವನ ಕುಣಿಮಗ್ಗದ ಪಕ್ಕದಲ್ಲೇ ಹುಡುಗಿ ಅಕ್ಷರ ಕಲಿತಳು, ಎಳೆ ಹೊಸೆಯುವುದನ್ನೂ ಕಲಿತಳು. ಮಾಯವ್ವನ ಬಾಯಿ ಕೆಟ್ಟದ್ದು, ಮೂಗಿಗೇರಿಸುವ ತಪಕೀರಿನ ಡಬ್ಬಿ ಸೊಂಟ ಬಿಡುತ್ತಿರಲಿಲ್ಲ. ಆದರೆ ಜಮಖಂಡಿಗೆ ಡಿಪ್ಲೊಮಾ ಓದಲು ಹೋಗುವ ಹುಡುಗಿಗೆ ಬಸ್ಸಿನ ಹೊತ್ತಿಗೆ ರೊಟ್ಟಿ ಕಟ್ಟಿಕೊಡದ ದಿನ ಒಂದಿಲ್ಲ.

ಕೈಮಗ್ಗದವರಲ್ಲಿ ಒಂದು ಪದ್ಧತಿ. ಹಾಸು ಮುಗಿದಾಗ, ಎಂದರೆ ಉದ್ದಕ್ಕೆ ಹಾಯ್ದ ನೂಲು ತೀರಿದಾಗ, ಎಳೆಗಳನ್ನು ಮಗ್ಗದಿಂದ ಪೂರ್ತಿ ಕಿತ್ತು ಹಾಕುವುದಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಸಂದುಗಳಲ್ಲಿ ಹಳೆಯ ತುದಿ ಹಾಗೇ ಉಳಿಯುತ್ತದೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದು ಎಳೆಯನ್ನೂ ಆ ತುದಿಗೆ ಹೊಸೆಯುತ್ತಾರೆ. ಹಳೆಯ ತುದಿ ಕಳೆದುಹೋದರೆ ಸಾವಿರಾರು ಎಳೆಗಳನ್ನು ಹೊಸದಾಗಿ ಸಂದಿನಲ್ಲಿ ತೂರಿಸಬೇಕು, ಕಣ್ಣು ಬತ್ತಿಹೋಗುತ್ತದೆ. ಹಾಗಾಗಿ ಮಾಯವ್ವನ ಓಣಿಯ ಮಕ್ಕಳಿಗೆ ಮೊದಲು ಕಲಿಸುವ ಮಾತೇ ಅದು: ಮಗ್ಗದ ಎಳೆ ಕಡಿಯಬಾರದು. ಹೆಣ ಎತ್ತಿದ ಮನೆಯಲ್ಲೂ ಮಗ್ಗದಲ್ಲಿ ಎಳೆ ಉಳಿದಿರುತ್ತದೆ. ಎಳೆ ಇದ್ದರೆ ಮಗ್ಗ ಇನ್ನೂ ಬದುಕಿದೆ ಎಂದು ಅರ್ಥ.

ಸಂಘದಲ್ಲಿ ಮೊದಲು ಮಂಗಳವಾರ ಮಂಗಳವಾರ ಕೆಲಸ ಹಂಚುತ್ತಿದ್ದರು. ರಬಕವಿ, ಬನಹಟ್ಟಿ, ಆಚೆ ಈಚೆಯ ಹಳ್ಳಿಗಳ ನೇಕಾರರು ಗೇಟಿನ ಮುಂದೆ ನಿಲ್ಲುತ್ತಿದ್ದರು. ಗುಮಾಸ್ತನ ಕಣ್ಣಿಗೆ ಬಿದ್ದವರಿಗೆ ಸೀರೆಯ ಕೆಲಸ, ಬೀಳದವರಿಗೆ ಮುಂದಿನ ವಾರ. ಬೀಗರು, ಬಳಗದವರು ಹಿಂದಿನ ಬಾಗಿಲಿಂದ ಬಂದು ಚಹಾ ಕುಡಿದೇ ಕೆಲಸ ಒಯ್ಯುತ್ತಿದ್ದರು. ಮಾಯವ್ವ ಎಷ್ಟೋ ಮಂಗಳವಾರ ಬರಿಗೈಯಲ್ಲಿ ಬಂದು ಒಲೆಯ ಮುಂದೆ ಕೂತು ಬೈದದ್ದನ್ನು ಉಜ್ವಲಾ ಕೇಳಿದ್ದಳು. ಸಂಘದಲ್ಲಿ ಕೆಲಸ ಸಿಕ್ಕಿದ್ದೇ ಅವಳು ಆ ಗೇಟನ್ನು ಮುರಿಯಲು ಹೊರಟಳು. ಎಲ್ಲರ ಫೋನಿಗೂ ಒಂದು ಆ್ಯಪ್. ಕೆಲಸ ಬಂದ ಕೂಡಲೇ ಎಲ್ಲರ ಪರದೆಯ ಮೇಲೂ ಒಟ್ಟಿಗೆ ಕಾಣಬೇಕು, ಮೊದಲು ಒತ್ತಿದವರಿಗೆ ಕೆಲಸ. ಯಂತ್ರಕ್ಕೆ ಬೀಗರಿಲ್ಲ ಎಂದು ಅವಳು ನಂಬಿದ್ದಳು.

ಫೋನು ಸರ್ವರಿಗೆ ಮಾತಾಡಬೇಕಾದರೆ ಮೊದಲು ಸಂಪರ್ಕ ಕೂಡಬೇಕು: ನೀನು ಯಾರು, ನಾನು ಯಾರು ಎಂಬ ವಿಚಾರಣೆ. ಪ್ರತಿ ಮಾತಿಗೂ ಅದನ್ನು ಹೊಸದಾಗಿ ಮಾಡಿದರೆ ಹೊತ್ತು ಹಾಳು. ಒಮ್ಮೆ ಕೂಡಿದ ಸಂಪರ್ಕವನ್ನು ಮಾತು ಮುಗಿದ ಮೇಲೂ ಕಡಿಯದೆ ಹಾಗೇ ಬಿಟ್ಟರೆ ಮುಂದಿನ ಮಾತು ಅದೇ ದಾರಿಯಲ್ಲಿ ಸಲೀಸಾಗಿ ಹೋಗುತ್ತದೆ. ಉಜ್ವಲಾಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಅವಳ ಬೆರಳಿಗೇ ಗೊತ್ತಿತ್ತು. ಹಳೆಯ ತುದಿಗೆ ಹೊಸ ಎಳೆ ಹೊಸೆಯುವುದು, ಅಷ್ಟೇ.

ಆದರೆ ಸುಮ್ಮನಿರುವ ಸಂಪರ್ಕವನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬೇಕು, ಯಾವಾಗ ಕಡಿಯಬೇಕು ಎಂದು ಸರ್ವರಿಗೆ ಒಂದು ಅವಧಿ ಹೇಳಿಕೊಡಬೇಕಾಗುತ್ತದೆ. ಬೇರೆ ಯಾರಾದರೂ ಕಣ್ಣು ಮುಚ್ಚಿ ಒಂದು ಅವಧಿ ಬರೆದುಬಿಡುತ್ತಿದ್ದರು. ನೇಕಾರರ ಮನೆಯ ಹುಡುಗಿಗೆ ಕೈ ಬರಲಿಲ್ಲ. ಕಡಿಯಲೇಬೇಡ ಎಂದು ಬರೆದಳು.

ತಪ್ಪು ಬೆಳಕಿಗೆ ಬಂದದ್ದು ಲೋಕಾಪುರದ ಕಡೆ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ದಿನ. ನೆಟ್ ಹೋಗಿ ಬಂತು. ಫೋನುಗಳೆಲ್ಲ ಹೊಸದಾಗಿ ಬಾಗಿಲು ಬಡಿದವು. ಸರ್ವರಿನಲ್ಲಿ ಹಳೆಯ ಸಂಪರ್ಕಗಳು ಹಾಗೇ ಕುಳಿತಿದ್ದವು. ಆಚೆ ತುದಿಯಲ್ಲಿ ಯಾರೂ ಇಲ್ಲ, ಈಚೆ ಜಾಗ ಮಾತ್ರ ಹಿಡಿದಿವೆ. ಸರ್ವರಿನ ಒಳಗೆ ಕೂರುವ ಜಾಗಕ್ಕೆ ಒಂದು ಮಿತಿ ಇದೆ. ಅದು ಇಲ್ಲದವರಿಂದಲೇ ತುಂಬಿತ್ತು. ಇದ್ದವರು ಹೊರಗೆ ನಿಂತು ಪರದೆಯ ಮೇಲೆ ಗಿರಗಿರ ತಿರುಗುವ ಚಕ್ರ ನೋಡಿದರು.

ಅವತ್ತು ಸಂಜೆ ಅವಳು ಅತ್ತೆಗೆ ಇದನ್ನು ಬಿಡಿಸಿ ಹೇಳಿದಳು. ಸುಮ್ಮನೆ ಕುಳಿತ ಎಳೆ ಕಡಿಯಲೇಬೇಕು, ಇಲ್ಲದಿದ್ದರೆ ಬದುಕಿದ್ದವರಿಗೆ ಜಾಗ ಸಿಗುವುದಿಲ್ಲ ಎಂದಳು. ಮಾಯವ್ವ ತಪಕೀರು ಏರಿಸಿಕೊಂಡು, ಡಿಪ್ಲೊಮಾ ಓದಿಸಿದ್ದು ಎಳೆ ಕಡಿಯುವುದನ್ನು ಕಲಿಯಲಿಕ್ಕೇನು ಎಂದು ಕೇಳಿದಳು. ಇಬ್ಬರೂ ನಕ್ಕರು.

ಮರುದಿನ ಉಜ್ವಲಾ ಅವಧಿ ಬರೆದಳು. ಸ್ವಲ್ಪ ಹೊತ್ತು ಮಾತಾಡದೆ ಕುಳಿತ ಸಂಪರ್ಕ ತಾನಾಗಿಯೇ ಕಡಿಯುತ್ತದೆ. ಬೇಕಾದವರು ಮತ್ತೆ ಒತ್ತಿ ಒಳಗೆ ಬರಬಹುದು. ಕೆಲವು ವಾರ ಎಲ್ಲ ಸರಿಯಾಗಿ ನಡೆಯಿತು. ಮಾಯವ್ವನಿಗೆ ಕೆಲಸ ಸಿಕ್ಕಿತು, ಎದುರು ಮನೆಯ ಕೆಂಪವ್ವನಿಗೆ ಸಿಕ್ಕಿತು. ಓಣಿಯಲ್ಲಿ ಮಗ್ಗದ ಸದ್ದು ಬೆಳಿಗ್ಗೆಯೇ ಶುರುವಾಗುತ್ತಿತ್ತು.

ಸಂಘದ ಹೊಸ ವರ್ಷ ಶುರುವಾದಾಗ ಅಧ್ಯಕ್ಷ ಚನಮಲ್ಲಪ್ಪ ಅವಳನ್ನು ಕರೆಸಿದ. ರಬಕವಿ ರಸ್ತೆಗೆ ಅವನವೇ ಪಾವರ್‌ಲೂಮ್ ಶೆಡ್ಡುಗಳಿವೆ. ಕೈಮಗ್ಗದವರ ಸಂಘಕ್ಕೆ ಪಾವರ್‌ಲೂಮಿನವನು ಅಧ್ಯಕ್ಷ ಹೇಗಾದ ಎಂದು ಕೇಳುವವರಿಗೆ ನಮ್ಮ ಕಡೆಯ ಸಹಕಾರ ಗೊತ್ತಿಲ್ಲ. ಅವನ ಮೇಜಿನ ಮೇಲಿನ ಪರದೆಯ ಸಂಪರ್ಕ ಪದೇ ಪದೇ ಕಡಿಯುತ್ತಿತ್ತಂತೆ.

“ತಂಗಿ, ನಾ ಅಧ್ಯಕ್ಷ ಅದೀನಿ. ನನ್ನ ಕಂಪ್ಯೂಟರು ನನ್ನ ನೋಡಿ, ನೀ ಯಾರು ಅಂತ ಕೇಳ್ತೈತಲ್ಲ?”

ಎಲ್ಲರಿಗೂ ಹಾಗೇ ಕೇಳುತ್ತದೆ, ಮತ್ತೊಮ್ಮೆ ಒತ್ತಿದರೆ ಆಯಿತು ಎಂದು ಉಜ್ವಲಾ ವಿನಯದಿಂದಲೇ ಹೇಳಿದಳು.

“ಎಲ್ಲಾರಿಗೂ ಅಂದ್ರ? ನಾನೂ ಮಾಯವ್ವನೂ ಒಂದನ?” ಎಂದು ಅವನು ನಕ್ಕ. ಸುತ್ತ ಕುಳಿತವರೂ ನಕ್ಕರು. “ಕಮಿಟಿಯಾವರದು ಕಡೀಬ್ಯಾಡ. ಅಷ್ಟ ಮಾಡು.”

ಅವಳು ಅಷ್ಟೇ ಮಾಡಿದಳು. ಒಂದು ಸಾಲು ಬರೆದರೆ ಮುಗಿಯುವ ಕೆಲಸ: ಇವರಿಗೆ ಅವಧಿ ಇಲ್ಲ. ಮಾಡುವಾಗ, ಒಂದಿಷ್ಟು ಜಾಗ ಹೋದರೆ ಏನಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಕಮಿಟಿ ಎಂದರೆ ಕಮಿಟಿಯಷ್ಟೇ ಅಲ್ಲವಲ್ಲ. ಅವರ ಮೇಜಿನ ಕಂಪ್ಯೂಟರು, ಕಿಸೆಯ ಫೋನು, ಮಕ್ಕಳ ಫೋನು, ಅಳಿಯಂದಿರ ಫೋನು, ಶೆಡ್ಡಿನ ಮ್ಯಾನೇಜರರ ಫೋನು, ಬೀಳಗಿಯಲ್ಲಿರುವ ಬೀಗರ ಬಟ್ಟೆಯಂಗಡಿಯಲ್ಲಿ ದಿನವಿಡೀ ಉರಿಯುವ ಟ್ಯಾಬು. ಒಂದೊಂದೂ ಕಮಿಟಿಯವರಿಂದ ಉಜ್ವಲಾಗೆ ಫೋನು ಮಾಡಿಸಿ, ಅದೇ ಸಾಲಿಗೆ ಸೇರಿ ಒಳಗೆ ಬಂತು. ಒಳಗೆ ಬಂದದ್ದು ಏಳಲಿಲ್ಲ. ಅವರಲ್ಲಿ ಹೆಚ್ಚಿನವರು ಏನೂ ಒತ್ತುತ್ತಲೂ ಇರಲಿಲ್ಲ, ಬರೇ ಕುಳಿತಿದ್ದರು.

ಸಂಘಕ್ಕೆ ಬಂದ ಕೆಲಸದಲ್ಲಿ ಒಂದು ಪಾಲು ಕೈಮಗ್ಗಕ್ಕೆ ಮೀಸಲು. ಬೆಳಿಗ್ಗೆ ಅದು ತೆರೆದುಕೊಳ್ಳುತ್ತದೆ. ಮಧ್ಯಾಹ್ನದವರೆಗೆ ಕೈಮಗ್ಗದವರು ಒತ್ತದೆ ಬಿಟ್ಟದ್ದು ಪಾವರ್‌ಲೂಮಿಗೆ ಹೋಗುತ್ತದೆ. ಇನ್ನೊಂದು ನಿಯಮ, ಇಡೀ ವರ್ಷ ಒಂದು ಕೆಲಸವನ್ನೂ ತೆಗೆದುಕೊಳ್ಳದ ಕೈಮಗ್ಗವನ್ನು ‘ನಿಂತ ಮಗ್ಗ’ ಎಂದು ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಆಮೇಲೆ ಅದಕ್ಕೆ ಸಂಘದ ನೂಲಿಲ್ಲ, ಕೆಲಸವಿಲ್ಲ, ಓಟೂ ಇಲ್ಲ. ಈಗ ಬೆಳಿಗ್ಗೆ ಮಾಯವ್ವ ಒತ್ತುತ್ತಾಳೆ, ಚಕ್ರ ತಿರುಗುತ್ತದೆ. ಕೆಂಪವ್ವ ಒತ್ತುತ್ತಾಳೆ, ಚಕ್ರ ತಿರುಗುತ್ತದೆ. ಮಧ್ಯಾಹ್ನ ಆಗುತ್ತದೆ. ಯಾರೂ ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ, ಬಾಗಿಲಿಗೆ ಬೀಗ ಜಡಿಯಲಿಲ್ಲ. ಒಳಗಿದ್ದವರು ಏಳಲಿಲ್ಲ, ಅಷ್ಟೇ.

ದೊಡ್ಡ ಯಂತ್ರ ತರಿಸಿ ಎಂದು ಉಜ್ವಲಾ ಕೇಳಿದ್ದಳು. ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಇದ್ದ ಯಂತ್ರದಲ್ಲೇ ಜಾಗ ಹೆಚ್ಚಿಸಲು ನೋಡಿದಳು, ಅದು ಉಸಿರು ಕಟ್ಟಿ ಬಿದ್ದೇಹೋಯಿತು. ಎದುರಾಡಿದರೆ ಜಾಗ ಖಾಲಿ ಮಾಡು ಎನ್ನುತ್ತಾರೆ, ಮತ್ತೊಬ್ಬನು ಬಂದು ಕೂರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ತಾನು ಇದ್ದರೆ ಏನಾದರೂ ಮಾಡಬಹುದು ಎಂದುಕೊಂಡಳು. ಹಾಗೆಂದುಕೊಂಡು ಕುರ್ಚಿಯಲ್ಲಿ ಉಳಿದವರಿಂದಲೇ ನಮ್ಮ ಕಚೇರಿಗಳು ತುಂಬಿವೆ.

ವರ್ಷ ಮುಗಿಯುತ್ತ ಬಂದಾಗ ಒಂದು ಸಂಜೆ ಅವಳು ಮಾಯವ್ವನ ಬಳಿ ಕುಳಿತಳು. ಮಗ್ಗದಲ್ಲಿ ಹಳೆಯ ತುದಿಗಳು ಒಣಗಿ ಜೋತಿದ್ದವು.

“ಅತ್ತಿ, ನಾ ಒಳಗಿಂದನ ನಿನ್ನ ಹೆಸರಿಗೆ ಒಂದು ಕೆಲಸ ಹಾಕ್ತೀನಿ. ಮಗ್ಗ ಉಳೀತೈತಿ. ಯಾರಿಗೂ ಗೊತ್ತಾಗೂದಿಲ್ಲ.”

“ಕೆಂಪವ್ವಂದು?”

ಉಜ್ವಲಾ ಜೋತ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು.

“ಆಕಿ ಬಾಜೂಕಿನಾಕಿದು? ಈ ಓಣಿದು?” ಮಾಯವ್ವ ಡಬ್ಬಿಯ ಮುಚ್ಚಳ ಒತ್ತಿದಳು. “ಹಿಂದಿನ ಬಾಗಲದಾಗ ಚಾ ಕುಡದು ಕೆಲಸ ಒಯ್ಯಾವರನ್ನ ಇಷ್ಟು ವರ್ಷ ಬೈದೀನಿ ಬೇ. ಈಗ ನನಗ ಚಾ ಕುಡಸಾಕ ಬಂದೀ ಏನು? ನಿನಗ ಬಾಯಿ ಇಲ್ಲನ? ಮೀಟಿಂಗಿನ್ಯಾಗ ಹೇಳು.”

ಹೇಳುತ್ತೇನೆ ಎಂದು ಉಜ್ವಲಾ ಮಾತು ಕೊಟ್ಟಳು. ಆ ರಾತ್ರಿ ಮಾಯವ್ವ ಓಣಿಯ ಹೆಂಗಸರಿಗೆಲ್ಲ, ನಮ್ಮ ಉಜ್ಜಿ ಮಾತಾಡುತ್ತಾಳೆ, ಬರ್ರಿ ಎಂದು ಹೇಳಿಬಂದಳು.

ಸಭೆ ಸಂಘದ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಮುಂದೆ ಕುರ್ಚಿ, ಹಿಂದೆ ಜಮಖಾನೆ. ಜಮಖಾನೆಯ ಮೇಲೆ ಮಾಯವ್ವ, ಕೆಂಪವ್ವ, ಓಣಿಯವರು. ಚನಮಲ್ಲಪ್ಪ ಮೈಕ್ ಹಿಡಿದು, ಹಿರಿಯರ ಕಸುಬು ಹೀಗಾಯಿತಲ್ಲ ಎಂದು ಗಂಟಲು ಭಾರ ಮಾಡಿಕೊಂಡ. ಕೈಮಗ್ಗದವರಿಗೆ ಕೆಲಸವೇ ಬೇಡವಾಗಿದೆ, ಅವರ ಪಾಲು ವಾರ ವಾರವೂ ಉಳಿಯುತ್ತಿದೆ, ಈ ವರ್ಷ ಆ ಓಣಿಯಿಂದ ಒಬ್ಬರೂ ಒತ್ತಿಲ್ಲ ಎಂದ. ಇನ್ನು ಮುಂದೆ ಆ ಪಾಲು ಬೇಡ, ನಿಂತ ಮಗ್ಗಗಳನ್ನು ಹೊಡೆದು ಹಾಕೋಣ ಎಂದ.

“ಇದು ನಾ ಹೇಳೂದಲ್ರಿ. ಮಶಿನ್ ಹೇಳ್ತೈತಿ. ಮಶಿನ್ನಿಗೆ ನನ್ನ ಮ್ಯಾಲ ಪ್ರೀತಿ ಇಲ್ಲ, ನಿಮ್ಮ ಮ್ಯಾಲ ಸಿಟ್ಟಿಲ್ಲ. ಹೌದಲ್ಲ, ಉಜ್ವಲಾ?”

ಉಜ್ವಲಾ ಎದ್ದು ನಿಂತಳು. ಸರ್ವರ್ ಬರೆದಿಡುವುದು ಒಳಗೆ ಬಂದವರನ್ನು ಮಾತ್ರ. ಜಾಗ ತುಂಬಿ ಹೊರಗೆ ಉಳಿದವರು ಎಷ್ಟು ಸಲ ಬಡಿದರು, ಎಷ್ಟು ಹೊತ್ತು ನಿಂತರು, ಯಾವಾಗ ಸೋತು ಫೋನು ಕೆಳಗಿಟ್ಟರು ಎಂಬುದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಅವರು ಬರಲೇ ಇಲ್ಲ. ಇದು ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಆ ಜಾಗ ಯಾರಿಂದ ತುಂಬಿತ್ತು, ಯಾರು ಹೇಳಿದ್ದಕ್ಕೆ ತುಂಬಿತ್ತು, ಬರೆದ ಕೈ ಯಾರದು ಎಂಬುದೂ ಗೊತ್ತಿತ್ತು. ಆ ಕೊನೆಯದನ್ನು ಬಿಟ್ಟು ಉಳಿದದ್ದನ್ನು ಹೇಳಲು ನೋಡಿದಳು.

“ಒಳಗ ಬಂದಾವರದಷ್ಟ ಅದರಾಗ ಇರತೈತ್ರಿ,” ಎಂದಳು.

“ನಾನೂ ಅದನ್ನ ಹೇಳಾಕತ್ತೀನಲ್ಲ ತಂಗಿ. ಬರಲೇ ಇಲ್ಲ ಅಂತ.”

ಮುಂದಿನ ಕುರ್ಚಿಗಳು ನಕ್ಕವು. ಇನ್ನೊಂದೇ ಮಾತು ಬೇಕಿತ್ತು. ಕೆಂಪವ್ವ ಜಮಖಾನೆಯಿಂದ ಅರ್ಧ ಎದ್ದು, ನಾವು ಒತ್ತಿದ್ದೆವು ಎಂದು ಏನೋ ಹೇಳಲು ಹೋದಳು. ಮೈಕ್ ಅವಳ ಕೈಯಲ್ಲಿರಲಿಲ್ಲ. ಮೈಕಿನ ಹತ್ತಿರ ನಿಂತಿದ್ದವಳು ಉಜ್ವಲಾ. ಅವಳು ಕುಳಿತುಬಿಟ್ಟಳು. ಮುಂದಿನವರ ಕೈಗಳು ಎದ್ದವು, ಠರಾವು ಪಾಸಾಯಿತು.

ಸಂಜೆ ಮನೆಗೆ ಬಂದಾಗ ಮಾಯವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು, ನೇಯುವಾಗ ಕೂರುತ್ತಿದ್ದ ಹಾಗೇ. ಕೈಯಲ್ಲಿ ಕತ್ತರಿ. ಹಣಿಗೆಯ ಸಂದಿನ ಎಳೆಗಳನ್ನು ಹಿಡಿ ಹಿಡಿಯಾಗಿ ಕತ್ತರಿಸುತ್ತಿದ್ದಳು. ಉಜ್ವಲಾ ಓಡಿಹೋಗಿ ಆ ಕೈ ಹಿಡಿದಳು. ಮಾಯವ್ವ ಬಿಡಿಸಿಕೊಳ್ಳಲಿಲ್ಲ. ಬೈಯಲೂ ಇಲ್ಲ, ಅದರಿಂದಲೇ ಉಜ್ವಲಾಗೆ ಹೆಚ್ಚು ಹೆದರಿಕೆಯಾಯಿತು.

“ಬಿಡು. ಸುಮ್ಮ ಕುಂತ ಎಳಿ ಕಡೀಬೇಕಂತ ನೀನ ಹೇಳಿದ್ದಿಲ್ಲ? ಬದುಕಿದ್ದಾವರಿಗೆ ಜಾಗಾ ಬೇಕಂತ.”

ಮುಂದಿನ ಮಂಗಳವಾರ ಉಜ್ವಲಾ ಕಮಿಟಿಯವರ ರಿಯಾಯಿತಿಯ ಸಾಲನ್ನು ಅಳಿಸಿದಳು. ಯಾರನ್ನೂ ಕೇಳಲಿಲ್ಲ. ಅಧ್ಯಕ್ಷನ ಪರದೆ ಕಡಿಯಿತು, ಅಳಿಯಂದಿರದು ಕಡಿಯಿತು, ಬೀಳಗಿಯ ಟ್ಯಾಬು ಕಡಿಯಿತು. ಸರ್ವರ್ ಹಗುರಾಯಿತು. ಜಾಗ ಎಷ್ಟು ಬೇಕಾದರೂ ಇತ್ತು. ಕೆಲಸದಿಂದ ತೆಗೆಯುತ್ತಾರೆ, ಆಗಲಿ ಎಂದು ಗಟ್ಟಿ ಮನಸ್ಸು ಮಾಡಿ ಕುಳಿತಳು. ಚನಮಲ್ಲಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಪರದೆ ಕಡಿದದ್ದನ್ನು ಹೇಳಿದ, ಅವಳ ಮುಖ ನೋಡಿದ, ತಿಳಿದುಕೊಂಡ. ಸಿಟ್ಟಾಗಲಿಲ್ಲ.

“ಈಗ ಕಡಿ ತಂಗಿ. ಈಗ ಕಡದರೂ ನಡೀತೈತಿ,” ಎಂದು ಎಸಿಯ ಕೆಳಗೆ ಕುರ್ಚಿ ಎಳೆದುಕೊಂಡ.

ಆ ಓಣಿಯಿಂದ ಯಾರೂ ಬಾಗಿಲು ಬಡಿಯಲಿಲ್ಲ. ಅವರ ಹೆಸರುಗಳು ಹೋಗಿದ್ದವು, ಬಡಿದರೂ ತೆರೆಯುತ್ತಿರಲಿಲ್ಲ. ಉಜ್ವಲಾ ಈಗಲೂ ಅಲ್ಲೇ ಇದ್ದಾಳೆ. ಸರ್ವರ್ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದು ಮುಧೋಳದ ಕಡೆಯ ಸಂಘದವರು ನೋಡಿಕೊಂಡು ಹೋದರು. ಮಾಯವ್ವ ಕುಣಿಗೆ ಮಣ್ಣು ತುಂಬಿಸಿ ಮೇಲೆ ಸಗಣಿ ಸಾರಿಸಿದ್ದಾಳೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಬಕವಿ ರಸ್ತೆಯ ಶೆಡ್ಡಿಗೆ ಹೋಗುತ್ತಾಳೆ. ಅಲ್ಲಿ ಚನಮಲ್ಲಪ್ಪನ ಪಾವರ್‌ಲೂಮುಗಳಿಗೆ ಕಂಡಿಕೆಗೆ ನೂಲು ಸುತ್ತುತ್ತಾಳೆ, ಕೆಂಪವ್ವನ ಪಕ್ಕದಲ್ಲೇ ಕುಳಿತು. ಸಂಜೆ ಉಜ್ವಲಾಳೊಡನೆ ಉಣ್ಣುತ್ತಾಳೆ. ಸಾರು, ರೊಟ್ಟಿ, ನೀರು ಎಂಬಷ್ಟು ಮಾತು ಇಬ್ಬರ ನಡುವೆ ಉಳಿದಿದೆ.